ಏಳು ಮನೆಯ ರೊಟ್ಟಿ

ನಮ್ಮಕ್ಕ ಬುರುಲ್‌ಗೆ ವ್ಯಾಪಾರ ಮಾಡಲು ಬರುವುದಿಲ್ಲ ಎಂದು ನಾನು ಹತ್ತು ವರ್ಷ ಊರೆಲ್ಲ ಸಾರಿಕೊಂಡು ತಿರುಗಿದೆ. ನನಗೆ ಬಾಯಿ ಜಾಸ್ತಿ. ಹಿಮದ ಬೆಟ್ಟಗಳ ನಡುವಿನ ನಮ್ಮ ನಾರಿನ್ ಪೇಟೆಯಿಂದ ಅತ್‌ಬಾಷಿಗೆ ದಿನಕ್ಕೆ ಎರಡು ಸಲ ವ್ಯಾನು ಓಡಿಸುವವನು ನಾನು. ದಾರಿಯುದ್ದಕ್ಕೂ ಹದಿನೈದು ಜನ ಎದ್ದು ಹೋಗಲಾಗದೆ ಕೂತಿರುತ್ತಾರೆ, ನನ್ನ ಮಾತು ಕೇಳದೆ ಅವರಿಗೆ ಬೇರೆ ವಿಧಿಯಿಲ್ಲ. ಕಣಿವೆ ಹತ್ತುವಾಗ ಸರ್ಕಾರವನ್ನು ಬೈಯುತ್ತಿದ್ದೆ, ಇಳಿಯುವಾಗ ಅಕ್ಕನನ್ನು.

ಬೈಯದೆ ಇನ್ನೇನು ಮಾಡಲಿ? ಅವಳ ಅಂಗಡಿ ಎಂದರೆ ಮನೆಯ ಗೋಡೆಗೆ ಕೊರೆದ ಒಂದು ಕಿಟಕಿ. ಹಿಂದೆ ಅಂಗಳದಲ್ಲಿ ತಂದೂರಿ ಒಲೆ, ಮುಂದೆ ಮಾರ್ಕೆಟ್ಟಿಗೆ ಹೋಗುವ ಓಣಿ. ಬೋರ್ಡಿಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಾಳೆ, ಏಳಕ್ಕೆ ಕಿಟಕಿ ತೆರೆಯುತ್ತಾಳೆ, ರೊಟ್ಟಿ ಮುಗಿದಾಗ ಮುಚ್ಚುತ್ತಾಳೆ. ಮಗಳ ಮದುವೆಗೆಂದು ಒಬ್ಬ ನೂರೈವತ್ತು ರೊಟ್ಟಿ ಹೇಳಲು ಬಂದಿದ್ದ. ನಾನೂ ಅಲ್ಲೇ ನಿಂತಿದ್ದೆ.

"ಎಷ್ಟು ಜನ ಬರ್ತಾರೆ?" ಎಂದು ಅಕ್ಕ ಕೇಳಿದಳು.

"ನೂರು ಜನ ಆಗ್ಬೋದು."

"ಹಂಗಾದ್ರೆ ತೊಂಬತ್ತು ಸಾಕು. ಮಾಂಸ, ಪುಲಾವು ಇರೋ ಕಡೆ ರೊಟ್ಟಿ ಯಾರಪ್ಪಾ ತಿಂತಾರೆ? ಮಿಕ್ಕಿದ್ರೆ ಒಣಗುತ್ತೆ, ಒಣಗಿದ್ರೆ ನಿನ್ ಹೆಂಡ್ತಿ ನನ್ನೇ ಬೈಕೋತಾಳೆ."

ಅವನು ಹೋದ ಮೇಲೆ ನಾನು ತಲೆ ಚಚ್ಚಿಕೊಂಡೆ. "ಅಲ್ಲಾ ಕಣಕ್ಕಾ, ಮನೆ ಬಾಗ್ಲಿಗೆ ಬಂದ ಭಾಗ್ಯಾನ ಕಾಲಲ್ಲಿ ಒದ್ದು ಕಳಿಸ್ತೀಯಲ್ಲಾ! ಅವನೇ ಕೇಳ್ತಿದಾನೆ, ಕೊಡೋಕೇನು ರೋಗ ನಿಂಗೆ?"

"ಅವ್ನಿಗೆ ಇನ್ನೂ ಮೂರು ಹೆಣ್ಮಕ್ಕಳಿದಾರೆ ಕಣೋ," ಎಂದಳು ಅಕ್ಕ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಇವತ್ತು ಹೆಚ್ಚು ಮಾರಿದ್ರೆ ಇದೊಂದೇ ಮದುವೆ. ಸರಿಯಾಗಿ ಮಾರಿದ್ರೆ ನಾಕು."

ನಾಲ್ಕು ಮದುವೆಗೂ ರೊಟ್ಟಿ ಅವಳದೇ ಹೋಯಿತು. ಆಗಲೂ ನಾನು ಕಣ್ಣು ತೆರೆಯಲಿಲ್ಲ. ಬೆಳಗಿನ ರೊಟ್ಟಿ ಮಧ್ಯಾಹ್ನಕ್ಕೆ ಉಳಿದರೆ "ಇದು ಬೆಳಗಿಂದು" ಎಂದು ಅವಳೇ ಹೇಳುತ್ತಿದ್ದಳು. ತನ್ನದು ಮುಗಿದಿದ್ದರೆ, ಮುಂದಿನ ಓಣಿಯಲ್ಲಿ ರೊಟ್ಟಿ ಸುಡುವ ಇನ್ನೊಬ್ಬಳ ಮನೆಗೆ ದಾರಿ ತೋರಿಸುತ್ತಿದ್ದಳು. ಎದುರಾಳಿಗೆ ಗಿರಾಕಿ ಕಳಿಸುವ ವ್ಯಾಪಾರಿಯನ್ನು ಯಾರಾದರೂ ಕಂಡಿದ್ದೀರಾ? ನಾನು ಕಂಡೆ, ಕಂಡು ನಕ್ಕೆ.

ಅಕ್ಕನ ಮನಸ್ಸು ಇದ್ದದ್ದು ವ್ಯಾಪಾರದಲ್ಲಲ್ಲ, ಗುರುವಾರದಲ್ಲಿ. ಅದನ್ನು ಹೇಳದೆ ಅವಳ ಕತೆ ಮುಂದೆ ಹೋಗುವುದಿಲ್ಲ.

ನಮ್ಮ ಭಾವ ಸಾಪಾರ್, ರಸ್ತೆಯ ಹಿಮ ತೆಗೆಯುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ, ಸ್ವಲ್ಪ ಸೋಮಾರಿ. ಒಲೆಯ ಬಾಯಿ ಬಿರುಕು ಬಿಟ್ಟಿತ್ತು, ಮಣ್ಣು ಮೆತ್ತಿ ಕೊಡುತ್ತೇನೆ ಎಂದು ಒಂದು ತಿಂಗಳಿಂದ ಹೇಳುತ್ತಿದ್ದ. ಒಂದು ಫೆಬ್ರವರಿ ಬೆಳಿಗ್ಗೆ ಅದೇ ವಿಷಯಕ್ಕೆ ಗಂಡ ಹೆಂಡತಿಗೆ ಮಾತು ಬೆಳೆಯಿತು. ಮನೆಯಿಂದ ಹೊರಡುವವನು ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಹಾಕಿಕೊಂಡೇ ಹೊಸ್ತಿಲು ದಾಟಬೇಕು, ಅದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅಕ್ಕ ಅವತ್ತು ರೊಟ್ಟಿ ಮುರಿದು ಕೊಡಲಿಲ್ಲ. ಭಾವ ಕೇಳಲಿಲ್ಲ. ಅಂದೇ ಡೋಲೋನ್ ಕಣಿವೆಯಲ್ಲಿ ಗುಡ್ಡದ ಹಿಮ ಜಾರಿ ಟ್ರ್ಯಾಕ್ಟರನ್ನು ಮುಚ್ಚಿತು. ಮೂರನೆಯ ದಿನ ಹೊರಗೆ ತೆಗೆದರು.

"ಬೂಟಿನ ದಾರ ಕಟ್ಕೋತಾ ಬಾಳ ಹೊತ್ತು ಕೂತಿದ್ರು ಕಣೋ," ಎಂದು ಅಕ್ಕ ನನಗೆ ಒಂದೇ ಒಂದು ಸಲ ಹೇಳಿದ್ದಳು. "ನಾನು ಕೊಡ್ಲಿ ಅಂತ ಕಾಯ್ತಿದ್ರು. ನಂಗೊತ್ತಿತ್ತು. ಒಲೆ ಕಡೆ ಮುಖ ಮಾಡ್ಕೊಂಡು ನಿಂತ್ಬಿಟ್ಟೆ. ಊರಿಗೆಲ್ಲಾ ರೊಟ್ಟಿ ಸುಟ್ಟು ಹಾಕೋಳು ನಾನು, ನನ್ ಗಂಡ ಹಸ್ಕೊಂಡು ಹೋದ."

ಅಂದಿನಿಂದ ಪ್ರತಿ ಗುರುವಾರ ಅವಳು ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಏಳು ಪುಟ್ಟ ರೊಟ್ಟಿ ಕರಿಯುತ್ತಿದ್ದಳು. ಎಣ್ಣೆಯ ಘಮ ಮೊದಲು ಹೋಗಿ ಸತ್ತವರನ್ನು ಎಬ್ಬಿಸುತ್ತದೆ, ಆಮೇಲೆ ರೊಟ್ಟಿ ಅವರಿಗೆ ಸಲ್ಲುತ್ತದೆ. ಏಳನ್ನೂ ಏಳು ಮನೆಗೆ ಕೊಡಬೇಕು. ತೆಗೆದುಕೊಂಡವರು ಎರಡು ಕೈಯಲ್ಲಿ ಹಿಡಿದು "ತಲುಪಲಿ" ಎನ್ನಬೇಕು. ಆ ಒಂದು ಮಾತು ಬಿದ್ದರೇನೇ ರೊಟ್ಟಿ ಅತ್ತ ಹೋಗುವುದು, ಇಲ್ಲದಿದ್ದರೆ ತಿಂದವನ ಹೊಟ್ಟೆಗಷ್ಟೇ. ಈ ಪದ್ಧತಿ ಎಲ್ಲರ ಮನೆಯಲ್ಲೂ ಇದೆ. ಆದರೆ ಹೆಚ್ಚಿನವರು ವರ್ಷಕ್ಕೆ ಆರು ಸಲ ಮಾಡಿದರೆ ದೊಡ್ಡದು. ಅಕ್ಕ ಒಂಬತ್ತು ವರ್ಷದಲ್ಲಿ ಒಂದು ಗುರುವಾರವನ್ನೂ ಬಿಟ್ಟವಳಲ್ಲ. ಪ್ರತಿ ವಾರ ಏಳು ಬಾಯಿಂದ "ತಲುಪಲಿ" ಕೇಳಿಸಿಕೊಂಡು ಬಂದ ಮೇಲೆಯೇ ಅವಳು ನೆಮ್ಮದಿಯಿಂದ ಒಂದು ಲೋಟ ಚಹಾ ಕುಡಿಯುತ್ತಿದ್ದಳು.

ಹೀಗಿರುವಾಗ ಬಸ್ ನಿಲ್ದಾಣದ ಪಕ್ಕ ಹೊಸ ರೊಟ್ಟಿ ಅಂಗಡಿ ಬಂತು. ಕರೆಂಟಿನ ಒಲೆ, ಗಾಜಿನ ಬಾಗಿಲು, ರೊಟ್ಟಿ ಆಕಾರದ ಟೋಪಿ ಹಾಕಿಕೊಂಡು ಕೈಬೀಸುವ ಗೊಂಬೆ. ಮೂರು ತಿಂಗಳಲ್ಲಿ ಅಕ್ಕನ ಕಿಟಕಿಯ ಮುಂದಿನ ಸಾಲು ಅರ್ಧವಾಯಿತು. ಉಳಿದ ರೊಟ್ಟಿಯನ್ನು ಅವಳು ನಮ್ಮ ಮನೆಗೆ ಕಳಿಸುತ್ತಿದ್ದಳು. ನನ್ನ ಹೆಂಡತಿ "ನಿಮ್ಮಕ್ಕ ಹೀಗೇ ಕಳಿಸ್ತಿದ್ರೆ ನಾನೇ ಒಂದು ಅಂಗಡಿ ತೆಗೀಬೋದು" ಎಂದು ತಮಾಷೆ ಮಾಡಿದಳು.

ಅದೇ ಚಳಿಗಾಲದಲ್ಲಿ ಊರಿನ ಸಭಾಭವನದಲ್ಲಿ ಸಣ್ಣ ಅಂಗಡಿಯವರಿಗೆಂದು ಎರಡು ದಿನದ ಮಾರ್ಕೆಟಿಂಗ್ ತರಗತಿ ನಡೆಯಿತು. ಕೈಯಲ್ಲಿ ಕಾಸಿಲ್ಲದಿದ್ದರೂ ಗಿರಾಕಿಯನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡುತ್ತಾರಂತೆ. ಅಕ್ಕನಿಗೆ ಹೇಳಿದೆ. "ಒಲೆ ಬಿಟ್ಟು ಬರೋಕಾಗಲ್ಲ, ನೀನೇ ಹೋಗು, ನಿಂಗೆ ಮಾತು ಅಂದ್ರೆ ಪ್ರಾಣ" ಎಂದಳು. ಹೋದೆ. ಆ ದಿನ ನನ್ನ ವ್ಯಾನಿನ ಟೈರು ಪಂಕ್ಚರಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ರಾಜಧಾನಿಯಿಂದ ಬಂದಿದ್ದ ಐಚುರೋಕ್ ಎಂಬ ಹುಡುಗಿ ಪಾಠ ಮಾಡಿದಳು. ಅವಳ ತಪ್ಪು ಎಳ್ಳಷ್ಟೂ ಇಲ್ಲ. ಮೊದಲ ದಿನ ಬೆಳಿಗ್ಗೆಯೇ ಅವಳು ಹೇಳಿದ್ದಳು: "ಮೊದ್ಲು ನಿಮ್ ಹಳೇ ಗಿರಾಕಿಗಳನ್ನ ಕೇಳಿ, ನಮ್ ಹತ್ರಾನೇ ಯಾಕೆ ಬರ್ತೀರ ಅಂತ. ಅವ್ರು ಏನ್ ಹೇಳ್ತಾರೋ ಅದನ್ನ ಮುಟ್ಟೋಕೆ ಹೋಗ್ಬೇಡಿ. ಮಿಕ್ಕಿದ್ದೆಲ್ಲಾ ಆಮೇಲೆ." ನಾನು ಆಗ ಪಕ್ಕದ ಜೇನು ಮಾರುವವನ ಹತ್ತಿರ ಡೀಸೆಲ್ ಬೆಲೆಯ ಬಗ್ಗೆ ಜಗಳವಾಡುತ್ತಿದ್ದೆ. ಮಧ್ಯಾಹ್ನ ಊಟ ಮುಗಿದ ಮೇಲೆ ನಿದ್ದೆ. ಎಚ್ಚರವಾದಾಗ ಕಿವಿಗೆ ಬಿದ್ದದ್ದು ಎರಡೇ ಮಾತು: ಸ್ವಲ್ಪ ಮಾದರಿ ಬಿಟ್ಟಿ ಕೊಡಿ, ಕೊಡುವುದರ ಮೇಲೆಲ್ಲ ನಿಮ್ಮ ಹೆಸರಿರಲಿ. ಇದನ್ನು ಬರೆದುಕೊಂಡೆ. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ನನಗೆಂದೇ ಮಾಡಿದ ಗಾದೆ.

ಬಿಟ್ಟಿ ಕೊಡುವುದೆಂದ ತಕ್ಷಣ ನನಗೆ ಹೊಳೆದದ್ದು ಗುರುವಾರದ ರೊಟ್ಟಿ. ಅಯ್ಯೋ, ನಮ್ಮಕ್ಕ ಒಂಬತ್ತು ವರ್ಷದಿಂದ ವಾರಕ್ಕೆ ಏಳು ಕೊಡುತ್ತಲೇ ಇದ್ದಾಳೆ, ಹೆಸರು ಹಾಕುವುದೊಂದೇ ಬಾಕಿ! ಮುದ್ರಣದಂಗಡಿಗೆ ಹೋಗಿ ಇನ್ನೂರು ಕಾಗದದ ಚೀಲ ಮಾಡಿಸಿದೆ. ಕೆಂಪು ಅಕ್ಷರ. 'ಬುರುಲ್ ಅಕ್ಕನ ರೊಟ್ಟಿ. ಒಮ್ಮೆ ತಿಂದರೆ ಮತ್ತೆ ಬರುತ್ತೀರಿ. ಏಳು ಕೊಂಡರೆ ಎಂಟನೆಯದು ಉಚಿತ.' ಕೆಳಗೆ ಫೋನ್ ನಂಬರು. ಏಳು ಎಂದು ಯಾಕೆ ಹಾಕಿದೆ? ಗುರುವಾರದ ಏಳು ತಲೆಯಲ್ಲಿತ್ತು, ಅದೇ ಕೈಗೆ ಬಂತು. ಹುಟ್ಟಿದಾಗಿನಿಂದ ಈ ಪದ್ಧತಿಯಲ್ಲೇ ಬೆಳೆದವನು ನಾನು. ಪರವೂರಿನವನು ಮಾಡಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು.

ಅಕ್ಕನಿಗೆ ಹೇಳಲಿಲ್ಲ. ಆಶ್ಚರ್ಯಪಡಿಸೋಣ ಎಂದುಕೊಂಡಿದ್ದೆ.

ಅವಕಾಶ ತಾನಾಗಿಯೇ ಬಂತು. ಆ ಬುಧವಾರ ಅಕ್ಕ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು. ಗುರುವಾರ ಬೆಳಿಗ್ಗೆ ಕುಂಟುತ್ತಲೇ ರೊಟ್ಟಿ ಕರಿದಳು, ಮನೆ ಮನೆಗೆ ನಡೆಯಲು ಆಗಲಿಲ್ಲ. ನನ್ನನ್ನು ಕರೆಸಿದಳು.

"ತಮ್ಮಾ, ಇವತ್ತೊಂದಿನ ನೀನ್ ಕೊಟ್ಟು ಬಾರೋ. ಶಾಯಿರ್‌ಕಾನ್ ಅಜ್ಜಿ ಮನೆ ಮೊದ್ಲು, ಓರೊಜ್ ಮೇಷ್ಟ್ರ ಮನೆ ಕೊನೆಗೆ. ನೆಲದ್ ಮೇಲೆ ಇಡ್ಬೇಡ, ಕೈಯಿಂದ ಕೈಗೆ ಕೊಡು. ಅವ್ರು ಹೇಳೋದನ್ನ ಕೇಳಿಸ್ಕೊಂಡೇ ಬಾ."

"ಆಯ್ತಕ್ಕಾ, ನಂಗೇನ್ ಗೊತ್ತಿಲ್ವಾ?"

ಓಣಿಯ ತಿರುವಿನಲ್ಲಿ ವ್ಯಾನಿನ ಹಿಂದೆ ನಿಂತು ಏಳೂ ರೊಟ್ಟಿಯನ್ನು ಏಳು ಚೀಲಕ್ಕೆ ಹಾಕಿದೆ. ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಊರಿನ ಫೋನ್ ಗುಂಪಿಗೆ ಹಾಕಿದೆ. 'ಏಳು ಮನೆಗೆ ಉಚಿತ! ಎಂಟನೆಯ ಮನೆ ನಿಮ್ಮದೇ ಇರಬಹುದು!' ಆಹಾ, ಎಂಥ ಬುದ್ಧಿವಂತ! ಅಷ್ಟರಲ್ಲಿ ಟ್ರಿಪ್ಪಿಗೆ ಹೊತ್ತಾಗಿತ್ತು, ಪ್ರಯಾಣಿಕರು ಫೋನ್ ಮಾಡಿ ಬೈಯತೊಡಗಿದ್ದರು. ಅಜ್ಜಿಯ ಗೇಟು ತಟ್ಟಿದೆ, ಅವಳಿಗೆ ಕಿವಿ ಮಂದ. ಚೀಲವನ್ನು ಗೇಟಿಗೆ ನೇತುಹಾಕಿ ಓಡಿದೆ. ಮಿಕ್ಕ ಆರು ಮನೆಗಳಿಗೂ ಅದೇ ಗತಿ. ಏಳು ರೊಟ್ಟಿ ಏಳು ಗೇಟಿನಲ್ಲಿ ನೇತಾಡಿದವು.

ಸಂಜೆ ಬಂದಾಗ ಅಕ್ಕ ಕಾಲಿಗೆ ಬಟ್ಟೆ ಕಟ್ಟಿಕೊಂಡು ಒಲೆಯ ಹತ್ತಿರ ಕೂತಿದ್ದಳು. ಚಹಾ ಮುಂದಿತ್ತು, ಕುಡಿದಿರಲಿಲ್ಲ.

"ಎಲ್ರೂ ತಲುಪಲಿ ಅಂದ್ರೇನೋ?"

"ಹೂಂ."

"ಏಳೂ ಜನಾನೂ?"

"ಹೂಂ ಅಂದ್ನಲ್ಲಕ್ಕಾ! ಅಜ್ಜಿ ಅಂತೂ ಎರಡ್ ಸಲ ಅಂದ್ಲು."

ಅವಳು ಚಹಾ ಕುಡಿದಳು. ಆ ಸುಳ್ಳನ್ನು ನಾನು ಇವತ್ತಿಗೂ ನುಂಗಲಾರೆ.

ಮರುದಿನ ಬೆಳಿಗ್ಗೆ ಕಿಟಕಿಯ ಮುಂದೆ ಜಾತ್ರೆ. ಫೋಟೋ ನೋಡಿದವರೆಲ್ಲ ಬಂದಿದ್ದರು. "ಏಳು ತಗೊಂಡ್ರೆ ಒಂದು ಬಿಟ್ಟಿ ಅಂತೆ, ಹೌದಾ?" ಎಂದು ಕೇಳುತ್ತಿದ್ದರು. ಅಕ್ಕ ಪಿಳಿಪಿಳಿ ಕಣ್ಣುಬಿಟ್ಟಳು. ನಾನು ಕುಣಿಯುತ್ತ ಪಕ್ಕದಲ್ಲಿ ನಿಂತೆ. ಒಂಬತ್ತು ಗಂಟೆಗೆ ರೊಟ್ಟಿ ಖಾಲಿ. "ನೋಡಿದ್ಯಾ ಅಕ್ಕಾ, ಇದಕ್ಕೆ ಮಾರ್ಕೆಟಿಂಗ್ ಅಂತಾರೆ!" ಎನ್ನುತ್ತಿರುವಾಗಲೇ ಶಾಯಿರ್‌ಕಾನ್ ಅಜ್ಜಿ ಕೋಲೂರಿಕೊಂಡು ಬಂದಳು. ಒಂದು ನೋಟನ್ನು ಕಿಟಕಿಯ ಹಲಗೆಯ ಮೇಲಿಟ್ಟಳು.

"ನಿನ್ನೆ ಕಳ್ಸಿದ್ ರೊಟ್ಟಿ ರುಚಿಯಾಗಿತ್ತು ಕಣಮ್ಮಾ. ತಗೋ."

"ಅಯ್ಯೋ, ಅದಕ್ಕೆ ದುಡ್ಡಾ? ಅದು ಗುರುವಾರದ್ದಲ್ವಾ ಅಜ್ಜಿ!"

"ಗುರುವಾರದ್ದು ಅನ್ಕೊಂಡು ಗೇಟಿಂದ ಬಿಚ್ಕೊಂಡೆ. ಮೊಮ್ಮಗಳು ಚೀಲ ಓದಿದ್ಲು, ಅಂಗಡೀದು ಅಂದ್ಲು. ಅಂಗಡೀದನ್ನ ಬಿಟ್ಟಿ ತಿನ್ನೋ ವಯಸ್ಸಾ ನಂದು?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಬೇಜಾರಿಲ್ಲ ಮಗಾ. ವ್ಯಾಪಾರ ಅಂದ್ಮೇಲೆ ಎಲ್ಲಾ ಮಾಡ್ಬೇಕು."

ಮಡಚಿ ತಂದಿದ್ದ ಚೀಲವನ್ನೂ ನೋಟಿನ ಪಕ್ಕದಲ್ಲಿಟ್ಟು ಅವಳು ಹೋದಳು. ಅಕ್ಕ ಅದನ್ನು ಬಿಡಿಸಿ ಒಂದೊಂದೇ ಅಕ್ಷರ ಓದಿದಳು. ಆಮೇಲೆ ನನ್ನ ಮುಖ ನೋಡಿದಳು.

"ಗೇಟಿಗೆ ನೇತುಹಾಕಿದ್ಯಾ?"

ನಾನು ಅವಳ ಕೈಯ ಚೀಲ ಕಿತ್ತುಕೊಂಡು ಜೇಬಿಗೆ ತುರುಕಿದೆ.

"ಅಂದ್ರು ಅಂದ್ಯಲ್ಲೋ. ನಾನು ಚಾ ಕುಡುದ್ನಲ್ಲೋ."

ಬೈದಿದ್ದರೆ, ಸೌದೆ ಎತ್ತಿಕೊಂಡು ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಕಿಟಕಿ ಮುಚ್ಚಿ ಒಳಗೆ ಹೋದಳು.

ಮುಂದಿನ ಗುರುವಾರ ಕುಂಟು ಕಾಲಲ್ಲೇ ಹೊರಟಳು, ತಟ್ಟೆಯಲ್ಲಿ ಬರೀ ರೊಟ್ಟಿ ಇಟ್ಟುಕೊಂಡು. ನಾನು ಹಿಂದೆ ಹಿಂದೆ ಹೋದೆ. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ, ನಮ್ಮ ಜನ ಅಂಥವರಲ್ಲ. ಆದರೆ ಒಬ್ಬಳು ರೊಟ್ಟಿ ತೆಗೆದುಕೊಂಡು "ತಡಿ, ಚಿಲ್ರೆ ತರ್ತೀನಿ" ಎಂದು ಒಳಗೆ ಹೋದಳು. ಇನ್ನೊಬ್ಬಳು "ಮುಂದಿನ್ ವಾರ ನಿನ್ ಹತ್ರಾನೇ ಏಳು ತಗೋತೀನಿ ಬಿಡು" ಎಂದು ಭರವಸೆ ಕೊಟ್ಟಳು. ಮೂರನೆಯ ಮನೆಯವಳು ಪಾಪ, ನಿಜವಾಗಿಯೂ ಗೊತ್ತಾಗದೆ ಕೇಳಿದಳು: "ಬುರುಲ್, ಇದು ಯಾವ್ ರೊಟ್ಟಿ? ಕೊಡೋದಾ, ಮಾರೋದಾ?"

"ಅವ್ರಿಗೆ ಕೊಡೋದು," ಎಂದಳು ಅಕ್ಕ.

"ಹಂಗಾದ್ರೆ ತಲುಪಲಿ," ಎಂದು ಆಕೆ ಅಂದಳು. ಅನ್ನುವ ಮೊದಲು ಒಂದು ಕ್ಷಣ ತಟ್ಟೆಯ ಕೆಳಗೆ ಚೀಲವೇನಾದರೂ ಇದೆಯೇ ಎಂದು ನೋಡಿದಳು. ಆ ನೋಟವನ್ನು ಅಕ್ಕನೂ ನೋಡಿದಳು. ನಾಲ್ಕನೆಯ ಮನೆಗೆ ಅವಳು ಹೋಗಲಿಲ್ಲ. "ಅನುಮಾನದ್ ಬಾಯಲ್ಲಿ ಬಂದ್ ಮಾತು ಅಷ್ಟು ದೂರ ನಡೆಯಲ್ಲ ಕಣೋ" ಎಂದು ಹಿಂದಿರುಗಿದಳು.

ತಪ್ಪು ನನ್ನದು ಎಂದು ಹೇಳಿಬರಲು ನಾನು ಮನೆ ಮನೆ ತಿರುಗಿದೆ. "ಬಿಡೋ, ತಲೆ ಇರೋನು ನೀನು" ಎಂದು ಬೆನ್ನು ತಟ್ಟಿ ಕಳಿಸಿದರು. ಹೊಗಳಿಕೆ ಅಷ್ಟು ಕಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಓರೊಜ್ ಮೇಷ್ಟ್ರು ಮಾತ್ರ ಕೂರಿಸಿ ಮಾತಾಡಿದರು. ಹೆಂಡತಿ ತೀರಿಹೋಗಿ ಒಂಟಿಯಾಗಿರುವ ಮನುಷ್ಯ. ಐಚುರೋಕ್ ಮೊದಲು ಕೇಳಿ ಎಂದಿದ್ದ ಪ್ರಶ್ನೆಯನ್ನು ನಾನು ಕೊನೆಗೆ ಅವರನ್ನು ಕೇಳಿದೆ: "ನೀವು ನಮ್ಮಕ್ಕನ ಹತ್ರಾನೇ ಯಾಕೆ ಬರ್ತೀರಾ ಮೇಷ್ಟ್ರೇ? ಬಸ್ ಸ್ಟ್ಯಾಂಡ್ ನಿಮ್ಗೆ ಹತ್ರ."

"ನಮ್ಮನೆಯವ್ಳು ಹೋದ್ ಮೊದಲ್ನೇ ವಾರ ನಾನು ಎರಡ್ ರೊಟ್ಟಿ ಕೇಳ್ದೆ, ಅಭ್ಯಾಸ. ನಿಮ್ಮಕ್ಕ ಒಂದೇ ಕೊಟ್ಲು. 'ಇನ್ನೊಂದು ನಾಳೆ ಬಿಸಿದು ತಗೊಳ್ಳಿ ಮೇಷ್ಟ್ರೇ' ಅಂದ್ಲು. ನಾಳೆ ಹಾಸಿಗೆಯಿಂದ ಏಳೋಕೆ ನಂಗೊಂದು ಕಾರಣ ಸಿಕ್ತಪ್ಪಾ. ಗುರುವಾರ ಅವ್ಳು ರೊಟ್ಟಿ ತಂದಾಗ ನಾನು ಸಾಪಾರ್‌ಗೂ ತಲುಪಲಿ ಅಂತಿದ್ದೆ, ನಮ್ಮನೆಯವ್ಳಿಗೂ ಅಂತಿದ್ದೆ. ನೀನು ಬರೆಸಿದ್ ಚೀಲ ಕೈಯಲ್ಲಿ ಹಿಡ್ಕೊಂಡು ಏನ್ ಅನ್ನಲಿ ಹೇಳು?"

ಉಳಿದ ಚೀಲಗಳನ್ನು ನಾನೇ ಒಲೆಗೆ ಹಾಕಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚೀಲ ಸುಟ್ಟರೆ ಊರಿನ ತಲೆಯೊಳಗಿನ ಅಕ್ಷರ ಸುಡುತ್ತದೆಯೇ?

ಬಿಟ್ಟಿ ರೊಟ್ಟಿಗೆ ಬಂದವರು ಎರಡು ವಾರದಲ್ಲಿ ಕಾಣೆಯಾದರು, ಬೇರೆಲ್ಲೋ ಇನ್ನೇನೋ ಬಿಟ್ಟಿ ಇತ್ತು. ಬಸ್ ನಿಲ್ದಾಣದ ಗೊಂಬೆ ಒಂದು ವರ್ಷ ಕೈಬೀಸಿ ಸುಸ್ತಾಗಿ ಬಾಗಿಲು ಮುಚ್ಚಿತು. ಅಕ್ಕನ ಹಳೆಯ ಸಾಲು ಒಬ್ಬೊಬ್ಬರಾಗಿ ಹಿಂದಿರುಗಿತು. ಅವಳು ಈಗಲೂ ಬೆಳಗಿನ ರೊಟ್ಟಿಯನ್ನು ಬೆಳಗಿಂದು ಎಂದೇ ಮಾರುತ್ತಾಳೆ. ವ್ಯಾಪಾರಕ್ಕೆ ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಇದು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು.

ಆದರೆ ಗುರುವಾರ ಕಿಟಕಿ ತೆರೆಯುವುದಿಲ್ಲ. ಇದು ಆರನೆಯ ವರ್ಷ. ನಾರಿನ್‌ನಲ್ಲಿ ಬುರುಲ್ ಅಕ್ಕ ರೊಟ್ಟಿ ಮಾರುವವಳೆಂದು ಗೊತ್ತಿಲ್ಲದ ಮನೆ ಒಂದೂ ಇಲ್ಲ, ನನ್ನ ಚೀಲಗಳು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದವು. ಹೀಗಾಗಿ ಅವಳು ಬೆಳಿಗ್ಗೆ ಏಳು ರೊಟ್ಟಿ ಕರಿದು, ಬಟ್ಟೆಯಲ್ಲಿ ಸುತ್ತಿಕೊಂಡು, ನನ್ನ ವ್ಯಾನು ಹತ್ತುತ್ತಾಳೆ. ಅತ್‌ಬಾಷಿಯ ಸಂತೆಯಲ್ಲಿ ಅವಳ ಗುರುತಿನವರಿಲ್ಲ. ಉಪ್ಪು ಮಾರುವವಳು, ಕುರಿ ಕೊಳ್ಳಲು ಬಂದವನು, ದಾರಿಹೋಕರು, ಹೀಗೆ ಏಳು ಜನರನ್ನು ಹುಡುಕಿ ಕೊಡುತ್ತಾಳೆ. "ನಮ್ ಯಜಮಾನ್ರ ಹೆಸರಲ್ಲಿ" ಎನ್ನುತ್ತಾಳೆ. ಅವರು ಎರಡು ಕೈಯಲ್ಲಿ ಹಿಡಿದು "ತಲುಪಲಿ" ಎನ್ನುತ್ತಾರೆ. ಮಧ್ಯಾಹ್ನದ ಟ್ರಿಪ್ಪಿಗೆ ಮಂಡಿ ಹಿಡಿದುಕೊಂಡು ವಾಪಸು ಹತ್ತುತ್ತಾಳೆ. ಅವಳಿಗೀಗ ಅರವತ್ಮೂರು. ಹಿಮ ಬಿದ್ದು ದಾರಿ ಮುಚ್ಚಿದ ಗುರುವಾರ ಅವಳು ಏನು ಮಾಡುತ್ತಾಳೆಂದು ಕೇಳುವ ಧೈರ್ಯ ನನಗಿಲ್ಲ.

ಮೊದಲ ಸಲ ಅವಳು ವ್ಯಾನು ಹತ್ತಿದ ದಿನ, ಇಳಿಯುವಾಗ ಎಲ್ಲರಂತೆ ನೋಟು ಚಾಚಿದಳು.

"ಏನಕ್ಕಾ ಇದು? ನಾನ್ ನಿನ್ ತಮ್ಮ!"

"ಅದಕ್ಕೇ ತಗೋ."

"ತಗೊಳಲ್ಲ ಹೋಗು. ಜೀವ ಹೋದ್ರೂ ತಗೊಳಲ್ಲ."

"ತಗೋಳೋ," ಎಂದಳು ಅಕ್ಕ, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ. "ನೀನ್ ಬಿಟ್ಟಿ ಕರ್ಕೊಂಡ್ ಬಂದ್ರೆ ಅರ್ಧ ಪುಣ್ಯ ನಿಂದಾಗುತ್ತೆ. ಅವ್ರಿಗೆ ಪೂರ್ತಿ ಹೋಗ್ಬೇಕು. ಮೊದ್ಲೇ ಎರಡು ವಾರದ್ದು ಬಾಕಿ ಇದೆ."

ಹಿಂದಿನವರು ಇಳಿಯಲು ಕಾಯುತ್ತಿದ್ದರು. ನಾನು ನೋಟು ತೆಗೆದುಕೊಂಡು ಚಿಲ್ಲರೆ ಕೊಟ್ಟೆ. ಈಗಲೂ ಪ್ರತಿ ಗುರುವಾರ ಅವಳು ಕೊಡುತ್ತಾಳೆ, ನಾನು ತೆಗೆದುಕೊಳ್ಳುತ್ತೇನೆ.